ತೇರಿನ ಮುಂದೆ ಯಾರಿಗಾಗಿ ಬಾರಿಸುತ್ತೇವೆ?



ಕಳೆದ ವರ್ಷದ ಹಬ್ಬದ ಸಂಜೆ ಏನಾಯಿತು ಎಂಬುದು ನಿಮಗೆಲ್ಲ ಗೊತ್ತು. ಆದರೂ ಒಂದು ವರ್ಷದಿಂದ ಯಾರೂ ಆ ಮಾತನ್ನು ಎತ್ತಿಲ್ಲ. ನಮಗೆ ಬೇಸರವಾಗಬಾರದೆಂದು ನೀವು ಸುಮ್ಮನಿದ್ದಿರಿ. ನಾಚಿಕೆಯಿಂದ ನಾವೂ ಸುಮ್ಮನಿದ್ದೆವು. ಈ ವರ್ಷದ ಹಬ್ಬಕ್ಕೆ ತಂಡ ಇರಬೇಕೋ ಬೇಡವೋ ಎಂಬಲ್ಲಿಗೆ ಮಾತು ಬಂದಿರುವುದರಿಂದ ಈಗ ಬರೆಯಲೇಬೇಕಾಗಿದೆ.

ನಮ್ಮ ಯುವಜನರ ಡ್ರಮ್ ತಂಡ ಮೂರು ತಿಂಗಳು ಅಭ್ಯಾಸ ಮಾಡಿ 14 ನಿಮಿಷದ ಕಾರ್ಯಕ್ರಮವೊಂದನ್ನು ಕಟ್ಟಿತ್ತು. 10 ಸೈಡ್ ಡ್ರಮ್, 3 ಬೇಸ್ ಡ್ರಮ್, 2 ಜೋಡಿ ಸಿಂಬಲ್, 4 ಬ್ಯೂಗಲ್. ಏಳು ಮಾತ್ರೆಯಲ್ಲಿ ಶುರು, ಅಲ್ಲಿಂದ ಐದಕ್ಕೆ, ನಡುವೆ ಪೂರ್ತಿ ಮೌನ, ಆಮೇಲೆ ಅರ್ಧವೃತ್ತ ಒಡೆದು ಎರಡು ಓರೆ ಸಾಲು. ಅಮೆರಿಕದ ಡ್ರಮ್ ಕೋರ್‌ಗಳ ವಿಡಿಯೋಗಳನ್ನು ರಾತ್ರಿಯಿಡೀ ನೋಡಿ, ನಿಲ್ಲಿಸಿ ನಿಲ್ಲಿಸಿ ಎಣಿಸಿ, ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟು ಮಾಡಿದ ಕೆಲಸ. ದಿಂಬಂನ ಮಂಜಿನಲ್ಲಿ ಬೆರಳು ಮರಗಟ್ಟುತ್ತಿದ್ದರೂ ಯಾರೂ ಅಭ್ಯಾಸ ತಪ್ಪಿಸಿರಲಿಲ್ಲ.

ಐದನೇ ನಿಮಿಷಕ್ಕೆ ಹಿಂದಿನ ಬೆಂಚುಗಳು ಖಾಲಿಯಾಗತೊಡಗಿದವು. ಎಂಟನೇ ನಿಮಿಷಕ್ಕೆ ಊಟದ ಸಾಲು ನಮ್ಮ ಸಾಲಿಗಿಂತ ಉದ್ದವಾಗಿತ್ತು. ಮೌನದ ಭಾಗದಲ್ಲಿ, ಅಂದರೆ ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದ ಆ ಎಂಟು ಎಣಿಕೆಯಲ್ಲಿ, ಮುಂದಿನ ಸಾಲಿನ ಅಜ್ಜಿಯೊಬ್ಬರು ಎಲ್ಲರಿಗೂ ಕೇಳುವಂತೆ ಪಕ್ಕದವರನ್ನು ವಿಚಾರಿಸಿದರು: “ಮ್ಯಾಳ ಯಾವಾಗ ಸುರುವಾದ್ದು ಕನಪ್ಪ?”

ಜನ ಎದ್ದುಹೋದದ್ದಕ್ಕೆ ನಾವು ತಕ್ಷಣ ಒಂದು ನೆಪ ಹುಡುಕಿಕೊಂಡೆವು. 2022ರ ಫೆಬ್ರುವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಇದೆಯಲ್ಲ. ಲಾರಿಗಳಿಗೆ ಸಂಜೆ 6ಕ್ಕೇ ಬಾಗಿಲು ಬೀಳುತ್ತದೆ, ಕಾರುಗಳಿಗೆ 9ಕ್ಕೆ. ಕೆಳಗಿನ ಸತ್ಯಮಂಗಲದ ಕಡೆಯಿಂದ ಬಂದ ನೆಂಟರು 27 ತಿರುವು ಇಳಿದು ಹೊತ್ತಿಗೆ ಮುಂಚೆ ಬಣ್ಣಾರಿ ಸೇರಬೇಕು, ಅದಕ್ಕೇ ಎದ್ದರು ಅಂದುಕೊಂಡೆವು. ಸುಳ್ಳಲ್ಲ, ಕೆಲವರು ಅದಕ್ಕೇ ಎದ್ದರು. ಆದರೆ ಪಕ್ಕದ ಬೀದಿಯಲ್ಲೇ ಮನೆಯಿರುವವರೂ ಎದ್ದರು. ಅವರು ಯಾವ ಚೆಕ್‌ಪೋಸ್ಟ್ ದಾಟಬೇಕಿತ್ತು?

ಆಮೇಲೆ ನಡೆದ ಸಭೆಯಲ್ಲಿ ತಂಡ ಎರಡಾಯಿತು. ಒಂದು ಗುಂಪು ಹೇಳಿತು: ನಾಸಿಕ್ ಬ್ಯಾಂಡಿನ ಹಾಗೆ ನಾಲ್ಕು ಪೆಟ್ಟು ಹಿಡಿದು ಸಿನಿಮಾ ಹಾಡಿನ ತಾಳ ಬಾರಿಸೋಣ, ಜನ ಕುಣಿಯುತ್ತಾರೆ, ಹಬ್ಬ ಅಂದರೆ ಅದೇ. ಇನ್ನೊಂದು ಗುಂಪು ಹೇಳಿತು: ಜನರಿಗೆ ಕಿವಿಯೇ ಇಲ್ಲ, ನಾವು ಇಳಿದರೆ ಕಲೆ ಸಾಯುತ್ತದೆ, ಇನ್ನೂ ಕಷ್ಟದ್ದನ್ನೇ ಮಾಡೋಣ, ಅರ್ಥವಾಗುವವರಿಗೆ ಆಗಲಿ. ಈ ಸಾಲುಗಳನ್ನು ಬರೆಯುತ್ತಿರುವ ನಾವು ಎರಡನೇ ಗುಂಪಿನಲ್ಲಿದ್ದೆವು. “ಜನರಿಗೆ ಕಿವಿಯಿಲ್ಲ” ಎಂಬ ಮಾತು ನಮ್ಮ ಬಾಯಿಂದಲೇ ಬಂದದ್ದು. ಅದನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ.

ಈ ಜಗಳ ನಮ್ಮ ಹೊಸ ಆವಿಷ್ಕಾರವೇನಲ್ಲ. ನಾವು ನೋಡಿ ನಕಲು ಮಾಡಿದ ಡ್ರಮ್ ಕೋರ್‌ಗಳ ಚರಿತ್ರೆಯೇ ಈ ಜಗಳದ ಚರಿತ್ರೆ. ಅಲ್ಲಿ ನಮಗೆ ತೀರಾ ಹತ್ತಿರದ ಇನ್ನೊಂದು ಸಂಗತಿಯೂ ಇದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಿರಲಿಲ್ಲ. ಈ ತಂಡಗಳಲ್ಲಿ ಬಹಳಷ್ಟು ಹುಟ್ಟಿದ್ದು ಧರ್ಮಕೇಂದ್ರಗಳ ಅಂಗಳದಲ್ಲಿ! ಕಳೆದ ಶತಮಾನದಲ್ಲಿ ಅಮೆರಿಕದ ನಗರಗಳಲ್ಲಿ ಕಥೋಲಿಕ ಯುವ ಸಂಘಟನೆಗಳೂ ನಿವೃತ್ತ ಸೈನಿಕರ ಸಂಘಗಳೂ ಬೀದಿ ಹುಡುಗರ ಕೈಗೆ ಡ್ರಮ್ಮು, ಬ್ಯೂಗಲ್ಲು ಕೊಟ್ಟು ಮೆರವಣಿಗೆಗೆ ನಿಲ್ಲಿಸಿದವು. ನ್ಯೂಜೆರ್ಸಿಯ ಗಾರ್‌ಫೀಲ್ಡ್‌ನಲ್ಲಿ 1934ರಲ್ಲಿ ‘ಹೋಲಿ ನೇಮ್ ಕೆಡೆಟ್ಸ್’ ಶುರುವಾಯಿತು, ಹೆಸರೇ ಹೇಳುವಂತೆ ಒಂದು ಧರ್ಮಕೇಂದ್ರದ ಮಕ್ಕಳು. ಬೋಸ್ಟನ್ನಿನ ಹೈಡ್ ಪಾರ್ಕಿನಲ್ಲಿ 1940ರಲ್ಲಿ ‘ಮೋಸ್ಟ್ ಪ್ರೆಶಿಯಸ್ ಬ್ಲಡ್ ಕ್ರುಸೇಡರ್ಸ್’ ಹುಟ್ಟಿತು, ಅದೂ ಹಾಗೆಯೇ. ಮೊದಲನೆಯದು ಮುಂದೆ ಬರೀ ‘ದಿ ಕೆಡೆಟ್ಸ್’ ಎಂದಾಗಿ, ಹತ್ತು ಸಲ ರಾಷ್ಟ್ರಮಟ್ಟದ ಪ್ರಶಸ್ತಿ ಗೆದ್ದು, 2024ರಲ್ಲಿ ನಿಂತೇಹೋಯಿತು. ಎರಡನೆಯದು ಈಗಿನ ‘ಬೋಸ್ಟನ್ ಕ್ರುಸೇಡರ್ಸ್’. ಹುಟ್ಟಿ 85 ವರ್ಷವಾದ ಮೇಲೆ, 2025ರಲ್ಲಿ, ಮೊದಲ ಬಾರಿಗೆ ಆ ಪ್ರಶಸ್ತಿ ಗೆದ್ದಿತು.

ಮೆರವಣಿಗೆಯಿಂದ ಮೈದಾನಕ್ಕೆ ಹೋದಾಗ ಅವರಿಗೂ ನಮ್ಮದೇ ಸಂಕಟ ಬಂತು. ಹಳೆಯ ಸಂಘಗಳ ನಿಯಮಗಳು ಬಿಗಿಯಾಗಿದ್ದವು, ತಂಡಗಳಿಗೆ ಹೊಸದು ಮಾಡುವ ಆಸೆ. ಕೊನೆಗೆ ತಂಡಗಳೇ ಸೇರಿ ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’ ಎಂಬ ಸ್ವಂತ ಸಂಸ್ಥೆ ಕಟ್ಟಿಕೊಂಡು 1972ರಲ್ಲಿ ವಿಸ್ಕಾನ್ಸಿನ್ನಿನ ವೈಟ್‌ವಾಟರಿನಲ್ಲಿ ಮೊದಲ ಚಾಂಪಿಯನ್‌ಷಿಪ್ ನಡೆಸಿದವು. ಅಲ್ಲಿಂದ ಹೆಜ್ಜೆಹೆಜ್ಜೆಗೂ ಗಲಾಟೆ. 2004ರಲ್ಲಿ ಮೈಕ್ ಬಿಟ್ಟುಕೊಂಡಾಗ ಹಳೆಯ ಅಭಿಮಾನಿಗಳು ಮುನಿಸಿಕೊಂಡರು. 2009ರಲ್ಲಿ ಸಿಂಥಸೈಜರ್ ಬಂದಾಗ ಇನ್ನಷ್ಟು ಮುನಿಸು. ಮೊದಲು ಗುನುಗಿಕೊಂಡು ಮನೆಗೆ ಹೋಗುವಂಥ ರಾಗ ಇರುತ್ತಿತ್ತು, ಈಗ ತುಂಡುತುಂಡು ಶಬ್ದ ಅಷ್ಟೇ, ತೀರ್ಪುಗಾರರಿಗಾಗಿ ಮಾತ್ರ ಬಾರಿಸುತ್ತಾರೆ ಎಂಬುದು ಅವರ ದೂರು. ನಮ್ಮ ಅಜ್ಜಿ ಕೇಳಿದ್ದೂ ಅದನ್ನೇ ತಾನೆ?

ಆದರೆ ಅಲ್ಲಿನ ಅಂಕಪಟ್ಟಿಯನ್ನು ನೋಡಿದರೆ ಕತೆ ಅಷ್ಟು ಸಲೀಸಾಗಿಲ್ಲ. ಒಟ್ಟು 100 ಅಂಕ. ಅದರಲ್ಲಿ 30 ಸಂಗೀತಕ್ಕೆ, 30 ನಡಿಗೆ-ವಿನ್ಯಾಸಗಳಿಗೆ, ಉಳಿದ 40 ಒಟ್ಟಾರೆ ಪರಿಣಾಮಕ್ಕೆ. ಎಂದರೆ ನೋಡುವವರ ಮೈಮೇಲೆ ಏನಾಯಿತು ಎಂಬುದಕ್ಕೇ ಹೆಚ್ಚು ಅಂಕ. ಕಷ್ಟದ್ದನ್ನು ಮಾಡಿದೆ ಎಂದ ಮಾತ್ರಕ್ಕೆ ಯಾರೂ ಗೆಲ್ಲುವುದಿಲ್ಲ. ನಾವು ವಿಡಿಯೋ ನೋಡುವಾಗ ಕೋಲು ತಿರುಗಿಸುವ ಕೈಗಳನ್ನಷ್ಟೇ ನೋಡಿದ್ದೆವು, ಈ 40 ಅಂಕದ ಕಡೆ ಕಣ್ಣು ಹಾಯಿಸಿರಲಿಲ್ಲ.

2008ರ ಫೈನಲ್ ನೋಡಿ. ಇಲಿನಾಯ್ ರಾಜ್ಯದ ರಾಕ್‌ಫೋರ್ಡಿನ ‘ಫ್ಯಾಂಟಮ್ ರೆಜಿಮೆಂಟ್’ ತಂಡ ಸ್ಪಾರ್ಟಕಸ್‌ನ ಕತೆ ಮಾಡಿತು. ರೋಮಿನ ವಿರುದ್ಧ ಎದ್ದ ಗುಲಾಮ, ಅಷ್ಟೇ ಕತೆ. ಮಕ್ಕಳಿಗೂ ತಿಳಿಯುತ್ತದೆ. ಆದರೆ ಒಳಗಿನ ಸಂಗೀತ, ಓಟ, ಡ್ರಮ್ಮಿನ ಬರಹ ಯಾವುದೂ ಸಸಾರವಲ್ಲ. ಕೊನೆಯಲ್ಲಿ ಆಟಗಾರರು ಒಬ್ಬೊಬ್ಬರಾಗಿ ತಾನೇ ಸ್ಪಾರ್ಟಕಸ್ ಎಂದು ಕೂಗುವಾಗ ಗ್ಯಾಲರಿ ಎದ್ದು ನಿಂತಿತ್ತು. ಆ ತಂಡಕ್ಕೆ 98.125, ಎದುರಾಳಿ ಬ್ಲೂ ಡೆವಿಲ್ಸ್‌ಗೆ 98.100. ಕಾಲು ಅಂಕವೂ ಅಲ್ಲ, ಅದರ ಹತ್ತನೇ ಒಂದು ಭಾಗದ ಗೆಲುವು.

2014ರಲ್ಲಿ ಇನ್ನೊಂದು ಬಗೆ. ಒಹಾಯೋದ ‘ಬ್ಲೂಕೋಟ್ಸ್’ ತಂಡದ ಕಾರ್ಯಕ್ರಮದ ಹೆಸರು ‘ಟಿಲ್ಟ್’, ಅಂದರೆ ವಾಲುವುದು. ಅದರಲ್ಲಿ ಕತೆಯಿಲ್ಲ, ಗುನುಗುವ ಹಾಡೂ ಇಲ್ಲ. ಸಾಮಗ್ರಿಗಳು ವಾಲಿದ್ದವು, ಮೈಗಳು ವಾಲುತ್ತಿದ್ದವು, ಕೊನೆಗೆ ಸ್ವರವೇ ಜಾರಿ ಓರೆಯಾಗಿ ಬಾಗಿತು. ಕೇಳದಂಥ ಶಬ್ದ. ಆದರೂ ಜನ ಹುಚ್ಚೆದ್ದು ಕೂಗಿದರು. ಏಕೆಂದರೆ ಹಿಡಿದುಕೊಳ್ಳಲು ಒಂದೇ ಒಂದು ವಿಷಯ ಇತ್ತು, ಅದು ಮೊದಲ ನಿಮಿಷದಿಂದ ಕೊನೆಯವರೆಗೆ ಕಣ್ಣೆದುರೇ ಇತ್ತು. ಆ ತಂಡ ಗೆಲ್ಲಲಿಲ್ಲ, ಎರಡನೆಯದಾಯಿತು. ಗೆದ್ದದ್ದು ಇಟಲಿಯ ಚಿತ್ರನಿರ್ದೇಶಕ ಫೆಲಿನಿಯ ಲೋಕವನ್ನು ಮೈದಾನಕ್ಕೆ ತಂದ ಬ್ಲೂ ಡೆವಿಲ್ಸ್, 99.65 ಅಂಕ, ಅಲ್ಲಿಯವರೆಗೆ ಯಾರೂ ಮುಟ್ಟದ ದಾಖಲೆ. ಫೆಲಿನಿಯ ಒಂದು ಸಿನಿಮಾವನ್ನೂ ನೋಡದ ನಮಗೆ ಅದು ಅರ್ಧಕ್ಕರ್ಧ ತಲೆಯ ಮೇಲಿಂದ ಹೋಯಿತು. ಇಂಥ ಕೆಲಸವೂ ಇರಲಿ ಎಂದೇ ನಮ್ಮ ಅಭಿಪ್ರಾಯ. ಆದರೆ ಅದು ಟಿಕೆಟ್ ಕೊಂಡು, ವರ್ಷವಿಡೀ ಅದನ್ನೇ ಕಾದು ಬಂದವರ ಮುಂದೆ ನಡೆದದ್ದು. ತೇರಿನ ಮುಂದೆ ನಿಂತ ಜನ ನಮಗಾಗಿ ಬಂದವರಲ್ಲ, ಹಬ್ಬಕ್ಕೆ ಬಂದವರು. ಅವರ ಹಬ್ಬದೊಳಗೆ 14 ನಿಮಿಷ ಜಾಗ ಕೇಳಿ ತೆಗೆದುಕೊಂಡವರು ನಾವು.

ಇಷ್ಟು ದೂರ ಹೋಗುವುದೇಕೆ, ನಮ್ಮ ಬೆಟ್ಟದ ಆಚೆ ಮಗ್ಗುಲಿಗೆ ಹೋದರೆ ಕೇರಳದ ಮೇಳ ಇದೆಯಲ್ಲ. ನಮ್ಮಲ್ಲಿ ಇಬ್ಬರು ತ್ರಿಶೂರಿನ ಕಡೆ ಕೆಲಸಕ್ಕಿದ್ದಾಗ ಪಂಚಾರಿ ಮೇಳ ಕೇಳಿ ಬಂದು ಹೇಳಿದ್ದನ್ನು ನಾವು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮೇಳಕ್ಕೆ ಐದು ಕಾಲ. ಮೊದಲ ಕಾಲದಲ್ಲಿ ಒಂದು ಸುತ್ತಿಗೆ 96 ಅಕ್ಷರ, ಎರಡನೆಯದರಲ್ಲಿ 48, ಆಮೇಲೆ 24, 12, ಕೊನೆಗೆ 6. ಪ್ರತಿ ಸಲ ಅರ್ಧ. ನೂರಾರು ಚೆಂಡೆ, ಇಲತ್ತಾಳ, ಕೊಂಬು, ಕುಳಲ್ ಸೇರಿ ಗಂಟೆಗಟ್ಟಲೆ ನಡೆಯುವ ಕಟ್ಟಡ ಅದು. ಗಣಿತವಾಗಿ ನೋಡಿದರೆ ನಮ್ಮ ಏಳು-ಐದರ ಆಟಕ್ಕಿಂತ ಎಷ್ಟೋ ಕಠಿಣ. 96 ಅಕ್ಷರದ ಸುತ್ತನ್ನು ತಲೆಯಲ್ಲಿ ಇಟ್ಟುಕೊಳ್ಳುವುದು ಅಂದರೇನು!

ಆದರೂ ಅಲ್ಲಿ ಬಿಸಿಲಲ್ಲಿ ನಿಂತ ಸಾವಿರಾರು ಜನ, ಕೂಲಿಯವರು, ಆಟೋದವರು, ಕಾಲೇಜು ಹುಡುಗರು, ಸರಿಯಾದ ಜಾಗಕ್ಕೆ ಕೈ ಎತ್ತುತ್ತಾರೆ. ಅವರೆಲ್ಲ ಚೆಂಡೆ ಕಲಿತವರೇ? ಅಲ್ಲ. ಮೇಳದ ಕಟ್ಟಡದಲ್ಲೇ ಅವರಿಗೆ ಬಾಗಿಲು ಇಟ್ಟಿದ್ದಾರೆ. ಸುತ್ತು ಎಲ್ಲಿ ಮುಗಿಯಿತೆಂದು ತಾಳ ಕೂಗಿ ಹೇಳುತ್ತದೆ. ಮೊದಲ ಕಾಲದಲ್ಲಿ ಸಿಗದಿದ್ದರೆ ಎರಡನೆಯದರಲ್ಲಿ ಸಿಗುತ್ತದೆ, ಅಲ್ಲೂ ಸಿಗದಿದ್ದರೆ ಆರು ಅಕ್ಷರದ ಕೊನೆಯ ಕಾಲಕ್ಕಾದರೂ ಮೂರು ವರ್ಷದ ಮಗುವಿನ ತಲೆ ಆಡುತ್ತದೆ. ಬಲ್ಲವರು ಮೊದಲೇ ಒಳಗೆ ಹೋಗಿರುತ್ತಾರೆ, ತಡವಾಗಿ ಬಂದವರಿಗೂ ಜಾಗ ಉಳಿದಿರುತ್ತದೆ. ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. ಏಳು ಮಾತ್ರೆ ಕಿವಿಗೆ ಹತ್ತುವ ಹೊತ್ತಿಗೆ ಐದಕ್ಕೆ ಹಾರಿದೆವು, ಐದು ಹತ್ತುವ ಮೊದಲೇ ನಿಲ್ಲಿಸಿದೆವು. ಒಂದು ಸುತ್ತನ್ನೂ ಎರಡು ಸಲಕ್ಕಿಂತ ಹೆಚ್ಚು ಬಾರಿಸಲಿಲ್ಲ, ಮತ್ತೆ ಮತ್ತೆ ಬಾರಿಸಿದರೆ ಸುಲಭದ್ದು ಅಂದುಕೊಂಡಾರು ಎಂಬ ಭಯ.

ಹಾಗೆಂದು ಮೊದಲ ಗುಂಪಿನವರು ಹಿಗ್ಗಬೇಕಿಲ್ಲ. ನಾಲ್ಕು ಪೆಟ್ಟಿನ ಸಿನಿಮಾ ತಾಳಕ್ಕೆ ಜನ ಕುಣಿಯುತ್ತಾರೆ, ನಿಜ. ಡಿಜೆ ಪೆಟ್ಟಿಗೆ ಇಟ್ಟರೂ ಕುಣಿಯುತ್ತಾರೆ, ಆಗ ನಮ್ಮ 19 ಜನ ಏಕೆ ಬೇಕು? ಹಬ್ಬದ ಬೆಳಿಗ್ಗೆ ಸೈಡ್ ಡ್ರಮ್ಮಿನ ಪಟ್ಟಿ ಬಿಗಿಯುವ 9 ವರ್ಷದ ಮಕ್ಕಳಿದ್ದಾರೆ. ಅವರಿಗೆ ನಾವು ಕಲಿಸಬಹುದಾದ ಹೆಚ್ಚಿನದ್ದೇನೂ ಇಲ್ಲವೆಂದಾದರೆ ಮುಂದಿನ ವರ್ಷ ಅವರೂ ಬರುವುದಿಲ್ಲ. ಕಷ್ಟವಿದ್ದಲ್ಲೇ ಮಕ್ಕಳು ಉಳಿಯುವುದನ್ನು ಅಭ್ಯಾಸದಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ರೋಲ್ ಬಾರಿಸಲು ಬಾರದೆ ಅತ್ತ ಹುಡುಗಿಯೇ ಇವತ್ತು ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುತ್ತಾಳೆ.

ಈಗ ಹೇಳಲು ಹೊರಟಿದ್ದ ಮಾತಿಗೆ ಬರುತ್ತೇವೆ.

ಆ ಸಂಜೆ ನಮ್ಮ ಏಳು ಮಾತ್ರೆಯನ್ನು ಕೊನೆಯವರೆಗೂ ಎಣಿಸುತ್ತ ನಿಂತವರು ಒಬ್ಬರಿದ್ದರು. ಕಾಂಪೌಂಡಿನ ಗೋಡೆಗೆ ಒರಗಿ, ಬೆರಳಿನಿಂದ ಕಲ್ಲಿನ ಮೇಲೆ ತಟ್ಟುತ್ತಿದ್ದ ತಮಟೆಯ ತಾತ. ಹೆಸರು ಬೇಡ, ನಿಮಗೆಲ್ಲ ಗೊತ್ತು. ಸುತ್ತಲ ಊರುಗಳ ಮಾರಿಹಬ್ಬಕ್ಕೂ ಸಾವಿಗೂ ಹೋಗಿ ಬಾರಿಸುವವರು, ಭಾನುವಾರ ನಮ್ಮ ಜೊತೆ ಪೂಜೆಗೆ ಕೂರುವವರು. ಎರಡು ವಾರ ಬಿಟ್ಟು ಅವರನ್ನು ಕೇಳಿದೆವು, ಹೇಗಿತ್ತು ತಾತ ಎಂದು. ಅವರು ಹೇಳಿದ್ದು ಇಷ್ಟೇ: “ಪೆಟ್ಟು ಚೆನ್ನಾಗದ ಕನ ಮಗ. ಮೂರು ನಾಕು ಸೇರ್ಸಿ ಏಳು ಮಾಡಿದ್ದರಿ, ಅದು ನಮ್ಮದೇ. ಆದ್ರ ಜನ ಹಿಡ್ಕಳಕ ಏನೂ ಕೊಡ್ನಿಲ್ವಲ್ಲ ನೀವು.”

ಅಲ್ಲಿಗೆ ನಮ್ಮ ಎರಡನೇ ಗುಂಪಿನ ವಾದ ಬಿದ್ದುಹೋಯಿತು. ಜನರಿಗೆ ಕಿವಿಯಿಲ್ಲವೆಂದಿದ್ದೆವಲ್ಲ, ನಾವು ಅಮೆರಿಕದಿಂದ ತಂದೆವೆಂದು ಬೀಗುತ್ತಿದ್ದ ಲೆಕ್ಕ ಆ ಗೋಡೆಯ ಬಳಿ ಮೊದಲೇ ಇತ್ತು. ಈ ಬೆಟ್ಟಸಾಲಿನಲ್ಲಿ ಕಿವಿಗೆ ಬರವಿಲ್ಲ. ಸೋಲಿಗರ, ಊರಾಳಿಗಳ ಹಾಡು-ಕುಣಿತ ಇಲ್ಲಿದೆ. ಮಾದಪ್ಪನ ಬೆಟ್ಟದ ಕಂಸಾಳೆಯವರ ದಾರಿ ಇಲ್ಲೇ ಹಾಯುತ್ತದೆ. ಕಂಸಾಳೆಯನ್ನೇ ನೋಡಿ: ದೇವರಗುಡ್ಡರು ರಾತ್ರಿಯಿಡೀ ಕತೆ ಹಾಡುವಾಗ ಎಡಗೈಯ ಬಟ್ಟಲಿಗೆ ಬಲಗೈಯ ತಟ್ಟೆ ತಾಗುವ ಆ ಒಂದು ಸದ್ದು ಕತೆಯ ಕೈ ಬಿಡುವುದಿಲ್ಲ. ಬೀಸು ಕಂಸಾಳೆಯಲ್ಲಿ ಮೈ ಬಾಗಿಸಿ, ಒಬ್ಬರ ಬಟ್ಟಲಿಗೆ ಇನ್ನೊಬ್ಬರು ತಟ್ಟಿ, ನೆಲದಲ್ಲಿ ಹೊರಳುವ ಸಾಹಸವೂ ಇದೆ. ವೇದಿಕೆಯ ಸ್ಪರ್ಧೆಗಳಲ್ಲಿ ಆ ಸಾಹಸವೇ ಹೆಚ್ಚಾಗಿ ಕತೆ ಕಾಣೆಯಾದದ್ದನ್ನೂ ನಾವು ನೋಡಿದ್ದೇವೆ. ಹತ್ತು ನಿಮಿಷ ಚಪ್ಪಾಳೆಯೋ ಚಪ್ಪಾಳೆ, ಮನೆಗೆ ಬಂದ ಮೇಲೆ ಏನೂ ನೆನಪಿಲ್ಲ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇಲ್ಲಿಂದ ಬಹಳ ದೂರವೇನಲ್ಲ. ಅವರ ಹಾಡುಗಳನ್ನು ರಾಗ ತಪ್ಪದೆ ಹಾಡುವ ಅಜ್ಜಿಯರಿಗೆ ನಾವು ಕಿವಿಯಿಲ್ಲ ಎಂದುಬಿಟ್ಟೆವು.

ಆಗ ಎದ್ದ ಪ್ರಶ್ನೆ: ಆ ತಾತ ಗೋಡೆಯ ಬಳಿ ಏಕೆ ನಿಂತಿದ್ದರು, ಸಾಲಿನಲ್ಲಿ ಏಕೆ ಇರಲಿಲ್ಲ?

ಕಾರಣವನ್ನು ಯಾರೂ ಕೇಳಬೇಕಾಗಿಲ್ಲ. ಹಿಂದೊಮ್ಮೆ ತೇರಿನ ಮುಂದೆ ತಮಟೆಯೂ ಇರಲಿ ಎಂಬ ಮಾತು ಬಂದಾಗ, ಅದು ಸಾವಿನ ವಾದ್ಯ, ಹಬ್ಬಕ್ಕೆ ಶುಭವಲ್ಲ ಎಂದು ಕೆಲವರು ಹೇಳಿದರು. ನಾವು ತಲೆಯಾಡಿಸಿ ಸುಮ್ಮನಾದೆವು. ಮಾರಿಹಬ್ಬಕ್ಕೆ ಶುಭವಾದದ್ದು ನಮ್ಮ ಹಬ್ಬಕ್ಕೆ ಅಶುಭ ಹೇಗಾದೀತು ಎಂದು ಆಗ ಯಾರೂ ಕೇಳಲಿಲ್ಲ. ತೊಂದರೆ ಚರ್ಮದ ವಾದ್ಯದ್ದಲ್ಲ, ಅದನ್ನು ಹಿಡಿದ ಕೈ ಯಾವ ಕೇರಿಯದು ಎಂಬುದರದ್ದು. ಪ್ರೀತಿಯ ಹಿರಿಯರೇ, ಇದನ್ನು ಬರೆದದ್ದಕ್ಕೆ ನೀವು ನಮ್ಮನ್ನು ಬೈಯಬಹುದು. ಆದರೆ ಪ್ರೇಕ್ಷಕರಿಗೆ ಹತ್ತಿರವಾಗಬೇಕು ಎಂದು ಸಭೆಯಲ್ಲಿ ಎರಡು ಗಂಟೆ ವಾದಿಸಿದ ನಾವು, ಪ್ರೇಕ್ಷಕರೆಂದರೆ ಯಾರು ಎಂದು ಎಣಿಸುವಾಗ ಆ ಗೋಡೆಯ ಬಳಿಯವರನ್ನು ಎಣಿಸಿರಲೇ ಇಲ್ಲ. 2023ರಲ್ಲಿ ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಮೊಬೈಲಿನಲ್ಲಿ ಹಂಚಿಕೊಂಡು ಖುಷಿಪಟ್ಟವರೂ ನಾವೇ. ಇನ್ನು ಧರ್ಮಸಭೆಯ ಅಡ್ಡಿ ಇದೆಯೇ ಎಂದರೆ ಅದೂ ಇಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲೇ, ತಮ್ಮದೇ ಸಂಗೀತ ಪರಂಪರೆಯಿರುವ ಜನರ ನಡುವೆ ಆ ಸಂಗೀತಕ್ಕೆ ತಕ್ಕ ಸ್ಥಾನ ಕೊಡಬೇಕೆಂದಿದೆ. 60 ವರ್ಷ ದಾಟಿತು. ನಮ್ಮ ಅಂಗಳ ತಲುಪಲು ಅದಕ್ಕೆ ಯಾವ ಘಾಟಿ ಅಡ್ಡ ಬಂತೋ.

ಹೀಗಾಗಿ ನಮ್ಮ ಅಭಿಪ್ರಾಯ ಇದು: ಏಳು ಮಾತ್ರೆಯನ್ನು ಬಿಡಬಾರದು. ಅದಕ್ಕೆ ಬಾಗಿಲು ಇಡಬೇಕು, ಆ ಬಾಗಿಲನ್ನು ತಮಟೆ ತೆರೆಯಬೇಕು. ಕಾರ್ಯಕ್ರಮ ಶುರುವಾಗುವುದು ಸೈಡ್ ಡ್ರಮ್ಮಿನಿಂದಲ್ಲ, ತಾತನ ಒಂದೇ ತಮಟೆಯಿಂದ. ಮೂರು-ನಾಲ್ಕು, ಮೂರು-ನಾಲ್ಕು, ಎಲ್ಲರಿಗೂ ಗುರುತಿರುವ ಪೆಟ್ಟು, ಜನರ ಕಾಲು ತಾನಾಗಿ ಆಡುವವರೆಗೆ, ಎಂಟೋ ಹತ್ತೋ ಸುತ್ತು. ಆಮೇಲೆ ಅದರ ಮೇಲೆ ನಾವು ಕಟ್ಟುತ್ತೇವೆ. ಮೇಲೆ ಎಷ್ಟೇ ಒಡೆದರೂ, ಓಡಿದರೂ, ತಳದಲ್ಲಿ ಆ ತಮಟೆ ನಿಲ್ಲುವುದಿಲ್ಲ. ಐದು ಮಾತ್ರೆಯ ಭಾಗವನ್ನು ಈ ವರ್ಷಕ್ಕೆ ತೆಗೆದುಹಾಕಿದ್ದೇವೆ, ಇದು ಸೋಲಲ್ಲ, ಸಮಯದ ಲೆಕ್ಕ. 14 ನಿಮಿಷದ ಬದಲು 9 ನಿಮಿಷ. ಮೌನವನ್ನು ಉಳಿಸಿಕೊಂಡಿದ್ದೇವೆ. ಆದರೆ ಅದು ಬರುವುದು ಜನ ಒಳಗೆ ಬಂದ ಮೇಲೆ, ಆರನೇ ನಿಮಿಷಕ್ಕೆ, ಆಗ ಆ ಅಜ್ಜಿ ಏನು ಕೇಳುತ್ತಾರೋ ನೋಡೋಣ.

ಇನ್ನೊಂದು ತಪ್ಪು ಕಳೆದ ವರ್ಷ ಆಗಿತ್ತು, ಅದು ಅಭಿಪ್ರಾಯದ ವಿಷಯವಲ್ಲ, ಭೌತಶಾಸ್ತ್ರದ್ದು. ಬಿ.ಎಸ್‌ಸಿ. ಓದಿದ್ದು ಇಷ್ಟಕ್ಕಾದರೂ ಬಂತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನಮ್ಮ ಸಾಲು ರಸ್ತೆಯುದ್ದ 34 ಮೀಟರ್ ಹಿಗ್ಗಿದ್ದರೆ ಹಿಂದಿನ ಬೇಸ್ ಡ್ರಮ್ಮಿನ ಪೆಟ್ಟು ಮುಂದಿನವರಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕೇಳುತ್ತದೆ. ನಿಮಿಷಕ್ಕೆ 120 ಪೆಟ್ಟಿನ ವೇಗದಲ್ಲಿ ಒಂದು ಪೆಟ್ಟಿಗೆ ಸಿಗುವುದೇ ಅರ್ಧ ಸೆಕೆಂಡು, ಅದರಲ್ಲಿ ಐದನೇ ಒಂದು ಪಾಲು ಹೋಯಿತು. ಮುಂದಿನವರು ಕೇಳಿಸಿಕೊಂಡು ಬಾರಿಸಿದರೆ, ಅವರ ಪೆಟ್ಟು ಹಿಂದಿನವರಿಗೆ ಮರಳಿ ತಲುಪುವಾಗ ತಡ ಇಮ್ಮಡಿಯಾಗಿರುತ್ತದೆ. ತೇರು ತಿರುವಿನಲ್ಲಿ ನಿಂತಾಗ ಜನರಿಗೆ ಕೇಳಿಸಿದ್ದು ಏಳು ಮಾತ್ರೆಯಲ್ಲ, ಗೋಣಿಯಿಂದ ಆಲೂಗಡ್ಡೆ ಸುರಿದ ಸದ್ದು. ಅದನ್ನು ಹೊಸ ಕಲೆ ಎಂದು ಅವರು ಒಪ್ಪಬೇಕಿತ್ತೇ? ದೊಡ್ಡ ಡ್ರಮ್ ಕೋರ್‌ಗಳಲ್ಲಿ ಇದಕ್ಕೆ ಸರಳ ಉಪಾಯವಿದೆ: ತಾಳ ಹಿಡಿಯುವವರನ್ನು ಹಿಂದೆ ನಿಲ್ಲಿಸುತ್ತಾರೆ, ಮುಂದಿನವರು ಹಿಂದಿನಿಂದ ಬಂದ ಸದ್ದಿಗೆ ಹೊಂದಿಕೊಂಡು ಬಾರಿಸುತ್ತಾರೆ. ಆಗ ಎಲ್ಲ ಸದ್ದೂ ಒಂದೇ ದಿಕ್ಕಿನಲ್ಲಿ ಸಾಗಿ ಕೇಳುವವರ ಕಿವಿಗೆ ಒಟ್ಟಿಗೆ ಬೀಳುತ್ತದೆ. ಈ ಸಲ ನಮ್ಮಲ್ಲೂ ಹಾಗೆಯೇ. ತೇರು ನಡೆಯುವಾಗ ಸರಳ ನಡಿಗೆಯ ತಾಳ ಮಾತ್ರ. 9 ನಿಮಿಷದ ಕಾರ್ಯಕ್ರಮ ಅಂಗಳದಲ್ಲಿ, ಎಲ್ಲರೂ ಹತ್ತು ಮೀಟರಿನೊಳಗೆ, ತಮಟೆ ನಡುಹಿಂದೆ, ಮುಖ ಜನರ ಕಡೆ. ಕಳೆದ ಸಲ ಆ ಓರೆ ಸಾಲಿಗಾಗಿ ಮೂರು ನಿಮಿಷ ಜನರಿಗೆ ಬೆನ್ನು ತೋರಿಸಿ ನಿಂತಿದ್ದೆವು, ವಿಡಿಯೋ ತೆಗೆಯುತ್ತಿದ್ದ ಗೆಳೆಯ ಆ ಕಡೆ ಇದ್ದ ಎಂಬ ಕಾರಣಕ್ಕೆ.

ಕಾರ್ಯಕ್ರಮ 7 ಗಂಟೆಗೆ ಸರಿಯಾಗಿ ಶುರು. ಕೆಳಗೆ ಇಳಿಯಬೇಕಾದವರು ಊಟ ಮುಗಿಸಿಯೇ ಹೋಗಬಹುದು.

ತಮಟೆ ಬೇಡ ಎಂದು ಈಗಲೂ ಹೇಳುವವರು ದಯವಿಟ್ಟು ಭಾನುವಾರ ಪೂಜೆಯ ನಂತರದ ಸಭೆಗೆ ಬಂದು ತಾತನ ಎದುರಿಗೇ ಹೇಳಿ. ಅವರೂ ಬರುತ್ತಾರೆ. ಸಿನಿಮಾ ತಾಳ ಬೇಕೆನ್ನುವ ಗೆಳೆಯರಲ್ಲಿ ಮೂವರು ಈಗಾಗಲೇ ಕೋಲು ಹಿಡಿದು ಹಿಂದಿರುಗಿದ್ದಾರೆ, ಇಬ್ಬರು ಇನ್ನೂ ಮುನಿಸಿನಲ್ಲಿದ್ದಾರೆ. ಅವರಿಗಾಗಿ ಕೊನೆಯ ಒಂದು ನಿಮಿಷ ಖಾಲಿ ಇಟ್ಟಿದ್ದೇವೆ, ಬಂದು ಅವರೇ ಕಟ್ಟಲಿ.

ಅಭ್ಯಾಸ ಈ ಶನಿವಾರದಿಂದ, ಸಂಜೆ 4ಕ್ಕೆ. ತಾತ ಬರಲು ಒಪ್ಪಿದ್ದಾರೆ, ಒಂದೇ ಷರತ್ತು. ನಮ್ಮ ಸೈಡ್ ಡ್ರಮ್ಮುಗಳ ಪ್ಲಾಸ್ಟಿಕ್ ಹಾಳೆಗೆ ಮಂಜು ತಗುಲುವುದಿಲ್ಲ, ಆದರೆ ತಮಟೆಯ ಚರ್ಮ ಈ ಹವೆಗೆ ಅರ್ಧ ಗಂಟೆಯಲ್ಲಿ ಸಡಿಲವಾಗುತ್ತದೆ. ಬಾರಿಸುವ ಮೊದಲೂ ನಡುನಡುವೆಯೂ ಬೆಂಕಿಗೆ ಹಿಡಿದು ಕಾಯಿಸಬೇಕು. ಹುಲಿ ಸಂರಕ್ಷಿತ ಅರಣ್ಯದಲ್ಲಿ ಒಂದು ಕಡ್ಡಿಯನ್ನೂ ನಾವು ಮುಟ್ಟುವಂತಿಲ್ಲ. ಆದ್ದರಿಂದ ತಾಳವಾಡಿ ಕಡೆಯಿಂದ ಬರುವವರು ಬರುವಾಗ ತಲಾ ಒಂದು ಹೊರೆ ರಾಗಿ ಹುಲ್ಲು ತನ್ನಿ. ಒಣಗಿದ್ದು ಇರಲಿ, ಹಸಿಯದು ಬರೀ ಹೊಗೆ ಎಬ್ಬಿಸುತ್ತದೆ.